ಓದುಗರ ಪ್ರಶ್ನೆ: ಜೆನೆರಿಕ್ ಕ್ಲಾಸ್ ಬಳಸುವವರಿಗೆ ಹೊರೆಯಾಗದಿರಲು

ಪ್ರಶ್ನೆ: ಸಿ ಶಾರ್ಪ್‌ನಲ್ಲಿ ಒಂದು ಕ್ಯಾಶ್ ಕ್ಲಾಸ್ (ಒಮ್ಮೆ ತಂದ ದತ್ತಾಂಶವನ್ನು ಮತ್ತೆ ಬೇಕಾದಾಗ ಬೇಗ ಸಿಗುವಂತೆ ಇಟ್ಟುಕೊಳ್ಳುವುದು) ಬರೆದಿದ್ದೇನೆ. ಕೀ, ವ್ಯಾಲ್ಯೂ, ದತ್ತಾಂಶವನ್ನು ತಂದುಕೊಡುವ ಲೋಡರ್, ಹಳೆಯದನ್ನು ತೆಗೆದುಹಾಕುವ ಪಾಲಿಸಿ ಎಂದು ಅದಕ್ಕೆ ನಾಲ್ಕು ಟೈಪ್ ಪ್ಯಾರಾಮೀಟರ್‌ಗಳಿವೆ. ಯಾವ ಸಂದರ್ಭಕ್ಕೂ ಒಗ್ಗಲಿ ಎಂದು ಹೀಗೆ ಮಾಡಿದೆ. ಆದರೆ ತಂಡದವರು ಅದನ್ನು ಬಿಟ್ಟು ಸಿದ್ಧವಾಗಿ ಸಿಗುವ ಬರಿಯ ಡಿಕ್ಷನರಿಯನ್ನೇ ಬಳಸುತ್ತಿದ್ದಾರೆ. ತಪ್ಪು ಎಲ್ಲಿದೆ?

ಉತ್ತರ: ಟೈಪ್ ಪ್ಯಾರಾಮೀಟರ್ ಎಂದರೆ ‘ಇಲ್ಲಿ ಯಾವ ಟೈಪ್?’ ಎಂದು ಬಳಸುವವರ ಮುಂದೆ ನೀವು ಇಡುವ ಒಂದು ಪ್ರಶ್ನೆ. ಫೀಲ್ಡ್ ಘೋಷಿಸುವಾಗ, ಇನ್ನೊಂದು ಮೆಥಡ್‌ಗೆ ಕಳಿಸುವಾಗ, ಅಲ್ಲಿಂದ ಹಿಂದಿರುಗಿಸುವಾಗ, ಪ್ರತಿ ಸಲವೂ ಅವರು ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ. ನೀವು ನಾಲ್ಕು ಪ್ರಶ್ನೆ ಕೇಳುತ್ತಿದ್ದೀರಿ, ಡಿಕ್ಷನರಿ ಎರಡನ್ನು ಮಾತ್ರ ಕೇಳುತ್ತದೆ. ತಂಡದವರ ಆಯ್ಕೆಯಲ್ಲಿ ನನಗೇನೂ ತಪ್ಪು ಕಾಣುತ್ತಿಲ್ಲ.

ಯಾವ ಪ್ಯಾರಾಮೀಟರ್ ಉಳಿಯಬೇಕು ಎಂಬುದನ್ನು ತಿಳಿಯಲು ಕ್ಲಾಸಿನ ಒಳಗನ್ನು ಬಿಟ್ಟು, ಅದನ್ನು ಕರೆಯುವ ಸಾಲನ್ನು ನೋಡಿ. ಕೀ ಕೊಟ್ಟರೆ ವ್ಯಾಲ್ಯೂ ಬರುತ್ತದೆ. ಈ ಎರಡರ ಟೈಪ್ ಗೊತ್ತಿದ್ದರೆ ಕಂಪೈಲರ್ ತಪ್ಪನ್ನು ಹಿಡಿಯುತ್ತದೆ, ಕಾಸ್ಟ್ ಮಾಡುವ (ಬಂದದ್ದು ಇಂಥ ಟೈಪ್ ಎಂದು ಬರೆದು ಹೇಳುವ) ಅಗತ್ಯವೂ ಬೀಳುವುದಿಲ್ಲ. ಲೋಡರ್ ಮತ್ತು ಪಾಲಿಸಿಗಳಾದರೋ ಕನ್‌ಸ್ಟ್ರಕ್ಟರ್‌ನಲ್ಲಿ ಒಮ್ಮೆ ಒಳಗೆ ಹೋದರೆ ಮತ್ತೆ ಹೊರಗೆ ಮುಖ ತೋರಿಸುವುದಿಲ್ಲ. ಅವುಗಳ ನಿಖರವಾದ ಟೈಪ್ ತಿಳಿದಿದ್ದರಿಂದ ಬಳಸುವವರಿಗೆ ಯಾವ ಲಾಭವೂ ಇಲ್ಲವಾದ್ದರಿಂದ, ಅವೆರಡನ್ನೂ ಸಾಮಾನ್ಯ ಇಂಟರ್‌ಫೇಸ್‌ಗಳಾಗಿ ಕನ್‌ಸ್ಟ್ರಕ್ಟರ್‌ಗೆ ಕೊಡಿ. ಸ್ಟ್ರಕ್ಟ್‌ಗಳನ್ನು ಟೈಪ್ ಪ್ಯಾರಾಮೀಟರ್ ಆಗಿ ಕೊಟ್ಟು ಇಂಟರ್‌ಫೇಸ್ ಕರೆಯ ವೆಚ್ಚವನ್ನು ಉಳಿಸುವ ತಂತ್ರವೊಂದಿದೆ ನಿಜ. ಆದರೆ ಅಳೆದು ನೋಡಿ ಅಗತ್ಯವೆಂದು ಕಂಡಾಗ ಮಾತ್ರ ಅದಕ್ಕೆ ಕೈಹಾಕಬೇಕು, ಆಗಲೂ ಅದು ಒಳಗಿನ ಕ್ಲಾಸಿನಲ್ಲೇ ಅಡಗಿರಲಿ.

ಇನ್ನು ಉಳಿದ ಎರಡನ್ನೂ ಆದಷ್ಟು ಬರೆಸದಿರುವುದು ಲೇಸು. ಸಿ ಶಾರ್ಪ್ ಕಂಪೈಲರ್ ಮೆಥಡ್‌ಗೆ ಕೊಟ್ಟ ಆರ್ಗ್ಯುಮೆಂಟ್‌ಗಳಿಂದ ಟೈಪ್‌ಗಳನ್ನು ಊಹಿಸಬಲ್ಲುದು. ಕನ್‌ಸ್ಟ್ರಕ್ಟರ್ ಕರೆಯುವಾಗ ಹಾಗೆ ಊಹಿಸುವುದಿಲ್ಲ. ಆದ್ದರಿಂದ ಕ್ಯಾಶ್ ಎಂಬ ಅದೇ ಹೆಸರಿನಲ್ಲಿ ಜೆನೆರಿಕ್ ಅಲ್ಲದ ಒಂದು ಸ್ಟ್ಯಾಟಿಕ್ ಕ್ಲಾಸ್ ಮಾಡಿ, ಅದರಲ್ಲಿ ಕ್ರಿಯೇಟ್ ಎಂಬ ಜೆನೆರಿಕ್ ಮೆಥಡ್ ಇಡಿ. ಪೂರ್ಣಾಂಕ ಕೊಟ್ಟರೆ ಗ್ರಾಹಕರ ವಿವರ ತರುವ ಲೋಡರ್ ಕೈಯಲ್ಲಿದ್ದರೆ, ಬಳಸುವವರು ಕ್ಯಾಶ್.ಕ್ರಿಯೇಟ್(ಲೋಡರ್) ಎಂದಷ್ಟೇ ಬರೆದರೆ ಸಾಕು, ಕೀ ಮತ್ತು ವ್ಯಾಲ್ಯೂಗಳ ಟೈಪ್ ತಾನಾಗಿಯೇ ಸಿಗುತ್ತದೆ. ಡಾಟ್ ನೆಟ್‌ನ ಟ್ಯೂಪಲ್.ಕ್ರಿಯೇಟ್ ನಡೆಯುವುದೂ ಇದೇ ರೀತಿಯಲ್ಲಿ. ಜಾವಾದಲ್ಲಿ ಈ ಕಷ್ಟವನ್ನು 2011ರ ಏಳನೆಯ ಆವೃತ್ತಿಯ ಡೈಮಂಡ್ ಗುರುತು (<>) ಬಹುಪಾಲು ತಗ್ಗಿಸಿತು.

ಅದೇ ಸ್ಟ್ಯಾಟಿಕ್ ಕ್ಲಾಸ್ ಇನ್ನೊಂದು ಕಡೆಯೂ ನೆರವಿಗೆ ಬರುತ್ತದೆ. ಡಿಫಾಲ್ಟ್ ಗಾತ್ರವನ್ನು ನೀವು ಜೆನೆರಿಕ್ ಕ್ಲಾಸಿನೊಳಗೆ ಸ್ಟ್ಯಾಟಿಕ್ ಫೀಲ್ಡ್ (ಒಂದೊಂದು ಆಬ್ಜೆಕ್ಟಿಗಲ್ಲದೆ ಕ್ಲಾಸಿಗೇ ಸೇರಿದ್ದು) ಆಗಿ ಇಟ್ಟಿದ್ದರೆ, ಸಿ ಶಾರ್ಪ್‌ನಲ್ಲಿ ಪ್ರತಿಯೊಂದು ಟೈಪ್ ಜೋಡಿಗೂ ಅದರ ಬೇರೆ ಪ್ರತಿ ಇರುತ್ತದೆ. ಪೂರ್ಣಾಂಕ ಕೀ ಇರುವ ಕ್ಯಾಶ್‌ನಲ್ಲಿ ಗಾತ್ರವನ್ನು ಬದಲಿಸಿದವರು, ಸ್ಟ್ರಿಂಗ್ ಕೀ ಇರುವ ಕ್ಯಾಶ್ ಹಳೆಯ ಗಾತ್ರದಲ್ಲೇ ಉಳಿದದ್ದನ್ನು ಕಂಡು ತಲೆ ಕೆರೆದುಕೊಳ್ಳುತ್ತಾರೆ. ಜಾವಾದಲ್ಲಿ ಎಲ್ಲ ಜೋಡಿಗಳಿಗೂ ಸೇರಿ ಒಂದೇ ಪ್ರತಿ. ಎರಡೂ ಭಾಷೆಗಳಲ್ಲಿ ಕೆಲಸ ಮಾಡುವವರು ಇಲ್ಲಿ ಎಡವುವ ಸಂಭವ ಹೆಚ್ಚು.

ಕೀಗೆ ಹಾಕುವ ಕನ್‌ಸ್ಟ್ರೇಂಟ್ (ಯಾವ ಟೈಪ್ ಆಗಬಹುದೆಂಬ ಷರತ್ತು) ವಿಷಯದಲ್ಲಿ ಜಿಪುಣರಾಗಿರಿ. ಸಮಾನತೆ ಮಾತ್ರ ನೋಡಬೇಕಾದಲ್ಲಿ ಕೀ ವಿಂಗಡಿಸಲೂ ಬರಬೇಕೆಂದು ಹಠ ಹಿಡಿದರೆ, ಎಷ್ಟೋ ಟೈಪ್‌ಗಳು ಬಾಗಿಲಲ್ಲೇ ನಿಲ್ಲುತ್ತವೆ. ಡಿಕ್ಷನರಿಯಂತೆ, ಹೋಲಿಸುವ ವಿಧಾನವನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಐಚ್ಛಿಕವಾಗಿ ತೆಗೆದುಕೊಳ್ಳಿ. ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದ ಬೇಡವೆನ್ನುವವರು ತಮ್ಮ ಹೋಲಿಕೆಯನ್ನು ತಾವೇ ಕೊಡಲಿ.

ಪ್ರಶ್ನೆ: ಜಾವಾದಲ್ಲಿ ನನ್ನ ಜೆನೆರಿಕ್ ಕ್ಲಾಸಿನೊಳಗೆ ಟಿ ಎಂಬ ಟೈಪ್‌ನ ಹೊಸ ಆಬ್ಜೆಕ್ಟ್ ಸೃಷ್ಟಿಸಲು ಆಗುತ್ತಿಲ್ಲ. ಬಳಸುವವರಿಗೆ ತೊಂದರೆಯಾಗದಂತೆ ಏನು ಮಾಡಬಹುದು?

ಉತ್ತರ: 2004ರಲ್ಲಿ ಐದನೆಯ ಆವೃತ್ತಿಯೊಂದಿಗೆ ಜೆನೆರಿಕ್ಸ್ ಬಂದಾಗ ಹಳೆಯ ಕೋಡ್ ಹಾಗೆಯೇ ನಡೆಯಬೇಕೆಂದು ಟೈಪ್ ಮಾಹಿತಿಯನ್ನು ಕಂಪೈಲ್ ಹಂತದಲ್ಲೇ ಅಳಿಸುವ ವ್ಯವಸ್ಥೆ ಮಾಡಲಾಯಿತು. ಹೀಗಾಗಿ ಪ್ರೋಗ್ರಾಂ ಓಡುವಾಗ ಟಿ ಏನೆಂಬುದು ನಿಮ್ಮ ಕ್ಲಾಸಿಗೆ ಗೊತ್ತಿರುವುದಿಲ್ಲ. ಕ್ಲಾಸ್ ಆಬ್ಜೆಕ್ಟ್ ತೆಗೆದುಕೊಂಡು, ಓಡುವಾಗಲೇ ಕ್ಲಾಸಿನ ವಿವರ ಹುಡುಕಿ ಬಳಸುವ ರಿಫ್ಲೆಕ್ಷನ್‌ನಿಂದ ಸೃಷ್ಟಿಸುವವರಿದ್ದಾರೆ. ಆದರೆ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇರಲೇಬೇಕೆಂಬ ಷರತ್ತು ಆಗ ಎಲ್ಲಿಯೂ ಬರೆಯದೆ ಸೇರಿಕೊಳ್ಳುತ್ತದೆ, ತಪ್ಪಿದರೆ ತಿಳಿಯುವುದು ಓಡಿಸಿದಾಗಲೇ. ಬದಲಿಗೆ ಕನ್‌ಸ್ಟ್ರಕ್ಟರ್‌ನಲ್ಲಿ ಒಂದು ಸಪ್ಲೈಯರ್ (ಕರೆದಾಗ ಆಬ್ಜೆಕ್ಟ್ ಕೊಡುವ ಫಂಕ್ಷನ್) ಕೇಳಿ. 2014ರ ಎಂಟನೆಯ ಆವೃತ್ತಿಯಿಂದೀಚೆಗೆ ಬಳಸುವವರು ಕಸ್ಟಮರ್::ನ್ಯೂ ಎಂದು ಬರೆದರೆ ಕೆಲಸ ಮುಗಿಯುತ್ತದೆ, ಆ ಕನ್‌ಸ್ಟ್ರಕ್ಟರ್ ಇಲ್ಲದಿದ್ದರೆ ಕಂಪೈಲರ್ ಅದೇ ಸಾಲಿನಲ್ಲಿ ತಡೆಯುತ್ತದೆ.