ನಾಲ್ಕನೇ ಕ್ಲಾಸ್ ಮಕ್ಕಳು ಪಾತ್ರ, ಸನ್ನಿವೇಶ (ಕತೆ ನಡೆಯೋ ಸ್ಥಳ-ಕಾಲ) ಕೇಳಿದ್ರೆ ಇಡೀ ಕತೆನೇ ಒಪ್ಪಿಸ್ತಾರೆ, ಏನ್ಮಾಡೋದು ಅಂತ ನೀವು ಬರೆದಿದ್ದಕ್ಕೆ ನನ್ನ ಉತ್ತರ

ಕತೆ ಅವ್ರಿಗೆ ಅರ್ಥ ಆಗ್ತಿದೆ, ಆ ಪದಗಳೇ ಅಡ್ಡ ಬರ್ತಿರೋದು ಅನ್ಸುತ್ತೆ. ಮುಂಬೈ ಹತ್ರದ ಡೊಂಬಿವಲಿಯ ನನ್ನ ಭಾನುವಾರದ ಕನ್ನಡ ಕ್ಲಾಸಲ್ಲಿ ಬಾಯಾರಿದ ಕಾಗೆ ಕತೆ ಹೇಳಿ 'ಪಾತ್ರ ಯಾವುದು' ಅಂದ್ರೆ ಹೂಜಿ ಅಂತಿದ್ರು, ಮರಾಠಿಯಲ್ಲಿ ಪಾತ್ರ ಅಂದ್ರೆ ಪಾತ್ರೆನೂ ಹೌದಲ್ವಾ.

ಮೊದ್ಲು ವ್ಯಾಖ್ಯೆ ಬರೆಸೋದು ನಿಲ್ಸಿ. ಬಾಯಾರಿದ ಕಾಗೆ ಕತೆ ಹೇಳಿ, ಯಾರು, ಎಲ್ಲಿ ಯಾವಾಗ, ಏನು ಕಷ್ಟ, ಹೇಗೆ ಪಾರಾಯ್ತು ಅಂತ ಒಂದೊಂದೇ ಕೇಳಿ, ಉತ್ತರ ಒಂದೇ ವಾಕ್ಯ ಇರ್ಬೇಕು. ಆಮೇಲೆ ಒಂದನ್ನ ಮಾತ್ರ ಬದಲಾಯ್ಸಿ. ಇದೇ ಕಾಗೆ ಜುಲೈ ಮಳೇಲಿ ಮುಂಬೈನ ದಾದರ್ ಸ್ಟೇಷನ್ ಮೇಲೆ ಕೂತಿದ್ರೆ? ಎಲ್ಲಾ ಕಡೆ ನೀರಿದೆ, ಕತೆನೇ ನಡೆಯಲ್ಲ ಅಂತ ಅವ್ರೇ ಕೂಗ್ತಾರೆ, ಸ್ಥಳ ಕಾಲ ಅನ್ನೋದು ಬರೀ ಹಿನ್ನೆಲೆ ಅಲ್ಲ, ಕಷ್ಟ ಹುಟ್ಟೋದೇ ಅಲ್ಲಿಂದ ಅಂತ ಆಗ ತಲೆಗೆ ಹೋಗುತ್ತೆ, ನಂಗೆ ಇದಕ್ಕಿಂತ ಖುಷಿ ಕೊಡೋ ಪಾಠ ಇನ್ನೊಂದಿಲ್ಲ. ಕಾಗೆಗೆ ತಾಳ್ಮೆ ಇಲ್ದೆ ಹಾರಿಹೋದ್ರೆ ಅಂತ ಕೇಳಿದ್ರೆ ಪಾತ್ರದ ಗುಣನೂ ಬಂತು.

ಇದಾದ್ಮೇಲೆನೇ ಬೋರ್ಡ್ ಮೇಲೆ ಪಾತ್ರ, ಸ್ಥಳ-ಕಾಲ, ಸಮಸ್ಯೆ, ಪರಿಹಾರ ಅಂತ ಹೆಸರು ಬರೀರಿ. ಆಶಯ, ಅಂದ್ರೆ ಕತೆ ಒಟ್ಟಾರೆ ಏನು ಹೇಳ್ತಿದೆ ಅನ್ನೋದು, ಈಗ್ಲೇ ಬೇಡ, ಒಂದೆರಡು ವಾರ ಹೋಗ್ಲಿ.

ಓದೋದ್ರಲ್ಲೇ ತಡವರಿಸ್ತಾರಾ ಅಂತ ನೀವು ಬರ್ದಿಲ್ಲ, ಹಾಗಿದ್ರೆ ಎಲ್ಲಾ ಬಾಯಲ್ಲೇ ಮಾಡ್ಸಿ, ಉತ್ತರ ಮರಾಠಿಯಲ್ಲೋ ತುಳುವಲ್ಲೋ ಬಂದ್ರೂ ತಗೊಳ್ಳಿ.