ಅಯಸ್ಕಾಂತ ಸರಿಸಿದರೂ ಕ್ಯೂ ಯಾಕೆ ಮರಳುವುದಿಲ್ಲ?

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ವೈಬಿಸಿಒ (ಯಿಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡ್) ಅತಿವಾಹಕದ ತೆಳು ಪದರದಿಂದ ಮಾಡಿದ 5 ಗಿಗಾಹರ್ಟ್ಸ್ ರೆಸೊನೇಟರ್, ಅಂದರೆ ಒಂದೇ ಆವೃತ್ತಿಗೆ ಅನುರಣಿಸುವ ಸಾಧನ, ಇದೆ. ದ್ರವ ಸಾರಜನಕದ ತಾಪದಲ್ಲಿ ಅದರ ಕ್ಯೂ (ಗುಣಾಂಕ; ಶಕ್ತಿಯ ನಷ್ಟ ಕಡಿಮೆಯಾದಷ್ಟೂ ಇದು ಹೆಚ್ಚು) 20,000. ಹತ್ತಿರ ಅಯಸ್ಕಾಂತ ತಂದರೆ 8,000ಕ್ಕೆ ಕುಸಿಯುತ್ತದೆ, ಆವೃತ್ತಿಯೂ 750 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ. ಅಯಸ್ಕಾಂತ ತೆಗೆದ ಮೇಲೂ ಕ್ಯೂ 11,000 ದಾಟುವುದಿಲ್ಲ. ಪದರ ಕೆಟ್ಟುಹೋಯಿತೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಇಷ್ಟರಿಂದಲೇ ಕೆಟ್ಟಿದೆ ಎನ್ನಲಾಗದು. ಪದರದೊಳಗೆ ಕಾಂತೀಯ ಸುಳಿಗಳು ಸಿಕ್ಕಿಹಾಕಿಕೊಂಡಿವೆ. ವೈಬಿಸಿಒ ಎರಡನೇ ಬಗೆಯ ಅತಿವಾಹಕ. ಕಾಂತಕ್ಷೇತ್ರ ಇಂಥ ವಸ್ತುವಿನೊಳಗೆ ಸಣ್ಣ ಸಣ್ಣ ಸುಳಿಗಳಾಗಿ ನುಗ್ಗುತ್ತದೆ ಎಂದು ಅಬ್ರಿಕೊಸೊವ್ 1957ರಲ್ಲಿ ತೋರಿಸಿದರು. ಒಂದೊಂದು ಸುಳಿಯೂ ಹೊರುವ ಕಾಂತೀಯ ಅಭಿವಾಹ ಒಂದೇ ಅಳತೆಯದು: 2.07 × 10⁻¹⁵ ವೆಬರ್. ಹಾಗಾಗಿ ಪದರಕ್ಕೆ ಲಂಬವಾಗಿ 5 ಮಿಲಿಟೆಸ್ಲಾ ಇದ್ದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 24 ಲಕ್ಷ ಸುಳಿಗಳಿರುತ್ತವೆ. ಪದರ ತೆಳುವಾದಷ್ಟೂ ಲಂಬ ಕ್ಷೇತ್ರ ಅದರ ಅಂಚುಗಳಲ್ಲಿ ಒತ್ತಾಗುತ್ತದೆ. ಮೈಕ್ರೋವೇವ್ ಪ್ರವಾಹವೂ ಹೆಚ್ಚು ಹರಿಯುವುದು ಅದೇ ಅಂಚುಗಳಲ್ಲಿ. ಸಣ್ಣ ಅಯಸ್ಕಾಂತದಿಂದ ಇಷ್ಟು ದೊಡ್ಡ ಪರಿಣಾಮ ಆಗುವುದಕ್ಕೆ ಇದೂ ಒಂದು ಕಾರಣ.

ಸುಳಿಗಳು ಪದರದ ದೋಷಗಳಿಗೆ ಅಂಟಿಕೊಳ್ಳುತ್ತವೆ. ಕೆಸರಿನಲ್ಲಿ ಗೂಟಕ್ಕೆ ಕಟ್ಟಿದ ಕರುವನ್ನು ನೆನೆಯಿರಿ. ನಿಧಾನವಾಗಿ ಜಗ್ಗಿದರೆ ಹಗ್ಗ ತಡೆದು ಹಿಂದಕ್ಕೆಳೆಯುತ್ತದೆ, ಹೆಚ್ಚು ಶಕ್ತಿ ವ್ಯರ್ಥವಾಗುವುದಿಲ್ಲ. ಬೇಗಬೇಗ ಅಲುಗಿಸಿದರೆ ಕೆಸರಿನ ಎಳೆತವೇ ಮೇಲುಗೈ ಪಡೆದು ಶಕ್ತಿ ಶಾಖವಾಗುತ್ತದೆ. ಈ ಎರಡರ ನಡುವಿನ ಗಡಿ ಆವೃತ್ತಿಯ ಲೆಕ್ಕವನ್ನು 1966ರಲ್ಲಿ ಕೊಟ್ಟವರು ಗಿಟಲ್‌ಮನ್ ಮತ್ತು ರೋಸೆನ್‌ಬ್ಲಮ್. ನಿಮ್ಮ ಅಂಕಿಗಳಿಂದಲೇ ಅದನ್ನು ಅಂದಾಜಿಸಬಹುದು. 1/8,000ದಿಂದ 1/20,000 ಕಳೆದರೆ 0.000075. ಆವೃತ್ತಿ ಇಳಿದ ಪಾಲಿನ ಎರಡರಷ್ಟು, ಅಂದರೆ 2 × 0.75 ಮೆಗಾಹರ್ಟ್ಸ್ ಭಾಗಿಸು 5,000 ಮೆಗಾಹರ್ಟ್ಸ್, 0.0003. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.25 ಸಿಗುತ್ತದೆ. 5 ಗಿಗಾಹರ್ಟ್ಸನ್ನು ಈ 0.25ರಿಂದ ಭಾಗಿಸಿ: ಗಡಿ ಸುಮಾರು 20 ಗಿಗಾಹರ್ಟ್ಸ್. ಅಂದರೆ ನಿಮ್ಮ ಪದರದಲ್ಲಿ ಗೂಟ ಗಟ್ಟಿಯಾಗಿಯೇ ಇದೆ. 77 ಕೆಲ್ವಿನ್ ಆಸುಪಾಸಿನಲ್ಲಿ ಸುಳಿಗಳು ಶಾಖದ ಬಲದಿಂದಲೂ ಗೂಟ ಕಿತ್ತು ಜಾರುವುದರಿಂದ ನಿಜವಾದ ಗಡಿ ಇದಕ್ಕಿಂತ ಮೇಲೇ ಇದ್ದೀತು. ಈ ಲೆಕ್ಕಕ್ಕೆ ಹೊರೆಯಿಲ್ಲದ ಕ್ಯೂ, ಅಂದರೆ ಅಳೆಯುವ ತಂತಿಗಳಿಗೆ ಸೋರುವ ಶಕ್ತಿಯನ್ನು ಬಿಟ್ಟು ರೆಸೊನೇಟರಿನದೇ ಕ್ಯೂ, ಬೇಕು. ಆ ತಂತಿಗಳ ಜೋಡಣೆ (ಕಪ್ಲಿಂಗ್) ಸಡಿಲಿಸಿ, ಅನುರಣನದ ತುದಿ ಮೈನಸ್ 30 ಡೆಸಿಬೆಲ್‌ಗಿಂತ ಕೆಳಗಿರಲಿ. ಆಗ ತಪ್ಪು ಸುಮಾರು ಶೇಕಡಾ ಮೂರರೊಳಗೆ ಉಳಿಯುತ್ತದೆ.

ಅಯಸ್ಕಾಂತ ತೆಗೆದಾಗ ಒಂದಷ್ಟು ಸುಳಿಗಳು ಅಂಚಿನಿಂದ ಹೊರಬೀಳುತ್ತವೆ, ಉಳಿದವು ಗೂಟ ಬಿಡುವುದಿಲ್ಲ. ಅವನ್ನು ಓಡಿಸಲು ದಾರಿ ಒಂದೇ. ಅಯಸ್ಕಾಂತವನ್ನು ಕೋಣೆಯಿಂದಾಚೆ ಇಡಿ, ಪೆಟ್ಟಿಗೆಯನ್ನು ದ್ರವದಿಂದ ಮೇಲೆತ್ತಿ, ತಾಪಮಾಪಕ 100 ಕೆಲ್ವಿನ್ ತೋರಿಸುವವರೆಗೆ ಕಾಯಿರಿ. ವೈಬಿಸಿಒ ಅತಿವಾಹಕತೆ ಕಳೆದುಕೊಳ್ಳುವುದು ಸುಮಾರು 92ರಲ್ಲಿ. ಮೇಲಿನ ಎಂಟು ಡಿಗ್ರಿ ಇಡೀ ಪದರ ಸಮನಾಗಿ ಬೆಚ್ಚಗಾಗಲಿ ಎಂದು. ಮತ್ತೆ ತಣಿಸಿದಾಗ 20,000 ಬಂದರೆ ಪದರ ಚೆನ್ನಾಗಿದೆ. ಬಾರದಿದ್ದರೆ ಸುತ್ತ ಹುಡುಕಿ: ಫೆರೈಟ್ ಐಸೊಲೇಟರಿನೊಳಗೆ (ಮೈಕ್ರೋವೇವನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ) ಶಾಶ್ವತ ಅಯಸ್ಕಾಂತ ಇರುತ್ತದೆ, ಮೇಜಿಗೆ ಹಿಡಿದು ನಿಲ್ಲುವ ಮ್ಯಾಗ್ನೆಟಿಕ್ ಬೇಸ್ ಇರಬಹುದು, ಚಿನ್ನದ ಲೇಪದ ಕನೆಕ್ಟರ್ ಕೆಳಗೆ ನಿಕ್ಕಲ್ ಇರಬಹುದು. ಪೆಟ್ಟಿಗೆಗೆ ಹಿತ್ತಾಳೆಯ ಸ್ಕ್ರೂ ಹಾಕಿ.

ಪ್ರಶ್ನೆ: ಭೂಮಿಯ ಕಾಂತಕ್ಷೇತ್ರವೂ ಲೆಕ್ಕಕ್ಕೆ ಬರುತ್ತದೆಯೇ? ಕಾಂತಕ್ಷೇತ್ರ ತಡೆಯುವ ಮ್ಯೂ-ಮೆಟಲ್ ಮಿಶ್ರಲೋಹದ ಕವಚ ದುಬಾರಿ.
— ಉಪನ್ಯಾಸಕರು, ಚಿಕ್ಕಮಗಳೂರು

ಉತ್ತರ: ದ್ರವ ಸಾರಜನಕದಲ್ಲಿರುವ ವೈಬಿಸಿಒಗೆ ಅದರ ಪರಿಣಾಮ ಕಾಣುವುದೇ ಕಷ್ಟ, ಶಾಖದ ನಷ್ಟವೇ ಅದನ್ನು ಮುಚ್ಚಿಹಾಕುತ್ತದೆ. ದ್ರವ ಹೀಲಿಯಮ್ಮಿನಲ್ಲೋ ಅದಕ್ಕೂ ಕೆಳಗೋ ಲಕ್ಷಗಟ್ಟಲೆ ಕ್ಯೂ ಇರುವ ನಯೋಬಿಯಂ, ಅಲ್ಯೂಮಿನಿಯಂ ಪದರಗಳಿಗಾದರೆ ಖಂಡಿತ ಬರುತ್ತದೆ. ಭೂಮಿಯ ಕ್ಷೇತ್ರದ ಸುಮಾರು 40 ಮೈಕ್ರೋಟೆಸ್ಲಾ ಪೂರ್ತಿ ಲಂಬವಾಗಿ ಹಾದರೆ ಚದರ ಮಿಲಿಮೀಟರಿಗೆ ಸುಮಾರು 19,000 ಸುಳಿಗಳು.

ಕವಚ ಕೊಳ್ಳುವ ಮೊದಲು ದಿಕ್ಸೂಚಿ ತೆಗೆದುಕೊಳ್ಳಿ. ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ಕಡೆ ಭೂಮಿಯ ಕ್ಷೇತ್ರ ಬಹುತೇಕ ಅಡ್ಡಡ್ಡ ಮಲಗಿರುತ್ತದೆ, ನೆಟ್ಟಗಿನ ಪಾಲು ಸುಮಾರು 10 ಮೈಕ್ರೋಟೆಸ್ಲಾ ಮಾತ್ರ. ಪದರವನ್ನು ಮೇಜಿನಂತೆ ಮಲಗಿಸಿದರೆ ಸುಳಿಗಳು ಕಾಲು ಭಾಗಕ್ಕೆ ಇಳಿಯುತ್ತವೆ. ನಿಲ್ಲಿಸಿ ಅದರ ಮುಖವನ್ನು ದಿಕ್ಸೂಚಿಯ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದರೆ ಕ್ಷೇತ್ರವೆಲ್ಲ ಪದರದ ಸಮತಲದಲ್ಲೇ ಹಾದು ಲಂಬದ ಪಾಲು ಸೊನ್ನೆಗೆ ಹತ್ತಿರವಾಗುತ್ತದೆ. ಮುಖ ಉತ್ತರಕ್ಕಿದ್ದರೆ ಮಾತ್ರ ಪೂರ್ತಿ ಹೊಡೆತ. ತಣಿಸುವ ಮೊದಲೇ ತಿರುಗಿಸಬೇಕು, ತಣಿದ ಮೇಲೆ ತಿರುಗಿಸಿ ಉಪಯೋಗವಿಲ್ಲ. ಕಟ್ಟಡದ ಕಬ್ಬಿಣ ಕ್ಷೇತ್ರವನ್ನು ತಿರುಚುವುದರಿಂದ ಕ್ರಯೋಸ್ಟಾಟ್ (ತಣಿಸುವ ಪಾತ್ರೆ) ಇಡುವ ಜಾಗದಲ್ಲೇ ಅಳೆಯಿರಿ, ಮೊದಲ ಅಂದಾಜಿಗೆ ಮೊಬೈಲಿನ ಮ್ಯಾಗ್ನೆಟೊಮೀಟರ್ ಸಾಕು.

ಇನ್ನೂ ಸೂಕ್ಷ್ಮವಾಗಿ ರದ್ದು ಮಾಡಬೇಕಾದರೆ ಹೆಲ್ಮ್‌ಹೋಲ್ಟ್ಸ್ ಸುರುಳಿ ಜೋಡಿ (ತ್ರಿಜ್ಯದಷ್ಟೇ ಅಂತರದಲ್ಲಿ ಎದುರುಬದುರು ಇಟ್ಟ ಎರಡು ತಂತಿ ಸುರುಳಿ) ಸುತ್ತಿ. 15 ಸೆಂಟಿಮೀಟರ್ ತ್ರಿಜ್ಯ, ಒಂದೊಂದರಲ್ಲಿ 50 ಸುತ್ತು. 40 ಮೈಕ್ರೋಟೆಸ್ಲಾಕ್ಕೆ ಸುಮಾರು 134 ಮಿಲಿಆಂಪಿಯರ್ ಸಾಕು.

ಪ್ರಶ್ನೆ: ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಗೆ ಇಟ್ಟುಕೊಳ್ಳುವ ದ್ರವ ಸಾರಜನಕವೇ ಇದಕ್ಕೂ ನಡೆಯುತ್ತದೆಯೇ? ಮಳೆಗಾಲದಲ್ಲಿ ಪದರ ಬೇಗ ಹಾಳಾಗುವುದೇಕೆ?
— ಓದುಗರು, ಸಕಲೇಶಪುರ

ಉತ್ತರ: ನಡೆಯುತ್ತದೆ, ದ್ರವ ಅದೇ. ಆದರೆ ಬಾಯಿ ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಗಾಳಿಯ ಆಮ್ಲಜನಕ ಅದರೊಳಗೆ ಸಾಂದ್ರೀಕರಿಸಿ ಕುದಿಯುವ ತಾಪ ಏರುತ್ತದೆ. 92ರ ಹತ್ತಿರ ಕೆಲಸ ಮಾಡುವ ಪದರಕ್ಕೆ ಅರ್ಧ ಡಿಗ್ರಿಯೂ ಆವೃತ್ತಿ ಬದಲಿಸುತ್ತದೆ. ಎತ್ತರದ ಲೆಕ್ಕವೂ ಇದೆ: ಹಾಸನದಂತೆ ಸುಮಾರು 950 ಮೀಟರ್ ಎತ್ತರದಲ್ಲಿ ಶುದ್ಧ ಸಾರಜನಕ ಕುದಿಯುವುದು 77.4ರಲ್ಲಲ್ಲ, ಸುಮಾರು 76.4 ಕೆಲ್ವಿನ್‌ನಲ್ಲಿ. ಪುಸ್ತಕದ ಅಂಕಿಗೆ ನಿಮ್ಮದು ಕೂಡಿಬರದಿದ್ದರೆ ಮೊದಲು ಇದನ್ನು ನೋಡಿ. ರೆಸೊನೇಟರಿನ ಪೆಟ್ಟಿಗೆಯೊಳಗೆ ದ್ರವ ನುಗ್ಗಬಾರದು. ಗುಳ್ಳೆ ಎದ್ದಾಗಲೆಲ್ಲ ಆವೃತ್ತಿ ಜಿಗಿಯುತ್ತದೆ.

ಮಳೆಗಾಲದ ಶತ್ರು ತೇವ. ವೈಬಿಸಿಒ ನೀರಿನೊಂದಿಗೆ ವರ್ತಿಸಿ ಒಡೆಯುತ್ತದೆ, ಬೇರಿಯಂ ಹೈಡ್ರಾಕ್ಸೈಡ್ ಹುಟ್ಟಿ ಕೊನೆಗೆ ಬೇರಿಯಂ ಕಾರ್ಬೊನೇಟ್ ಆಗುತ್ತದೆ. ತಣ್ಣನೆಯ ಪದರವನ್ನು ಹಾಗೇ ಹೊರತೆಗೆದರೆ ಮಲೆನಾಡಿನ ಗಾಳಿಯಲ್ಲಿ ಕ್ಷಣಾರ್ಧದಲ್ಲಿ ಹಿಮ ಕೂತು, ಕರಗಿ, ಮೈಯೆಲ್ಲ ನೀರಾಗುತ್ತದೆ. ಒಣ ಸಾರಜನಕದ ಅನಿಲ ಹರಿಯುತ್ತಿರುವಾಗಲೇ ಕೋಣೆಯ ತಾಪಕ್ಕೆ ತನ್ನಿ, ಆಮೇಲೆ ಪೆಟ್ಟಿಗೆ ತೆರೆಯಿರಿ. ಮೇಲಿನ ಪ್ರಶ್ನೆಯಲ್ಲಿ ಹೇಳಿದ 100 ಕೆಲ್ವಿನ್‌ವರೆಗಿನ ಬಿಸಿಯನ್ನೂ ದ್ರವದ ಮೇಲಿನ ತಣ್ಣನೆಯ ಅನಿಲದಲ್ಲೇ, ಪಾತ್ರೆಯ ಕತ್ತಿನೊಳಗೇ ಮಾಡಿ. ಶೇಖರಣೆ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಲ್ಲಿರಲಿ. ನೀಲಿ ಹರಳು ಗುಲಾಬಿಯಾದರೆ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ಬಳಸಿ.