ಏಳನೇ ಹಾಳೆಯ ಮುಂದೆ ಕೈ ಏಳದಿದ್ದಾಗ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಒಪ್ಪಿಗೆ ಪಡೆಯಲಾಗಿದೆ.)

ನಮ್ಮ ಬಳಿ ಆಪ್ತಸಲಹೆಗೆ ಬಂದವರು 38 ವರ್ಷದ ಚಿತ್ರಕಲಾವಿದೆ. 11 ವರ್ಷದಿಂದ ಮಕ್ಕಳ ಪುಸ್ತಕಗಳಿಗೆ, ಬಣ್ಣದ ಪುಡಿ ಒತ್ತಿ ಮಾಡಿದ ಕಡ್ಡಿಯಾದ ಸಾಫ್ಟ್ ಪ್ಯಾಸ್ಟೆಲ್‌ನಲ್ಲಿ ಚಿತ್ರ ಬರೆಯುತ್ತಾರೆ. ದೂರು ಒಂದೇ ಮಾತಿನದು: "ಕೂತರೆ ಕೈ ಏಳಲ್ಲ." ಕೈಯಲ್ಲಿರುವುದು 32 ಪುಟದ ಪುಸ್ತಕ, 14 ಜೋಡಿಪುಟದ ಚಿತ್ರ. ಆರು ಮುಗಿದಿವೆ. ಏಳನೆಯದರ ಹಾಳೆ ಮೂರು ವಾರದಿಂದ ಹಲಗೆಯ ಮೇಲೆ ಬೋಳಾಗಿ ಕೂತಿದೆ. ಬೆಳಿಗ್ಗೆ ಅದರ ಮುಂದೆ ಕೂರುತ್ತಾರೆ, ಪ್ಯಾಸ್ಟೆಲ್ ಕಡ್ಡಿಗಳನ್ನು ಅಕ್ಕಿ ತುಂಬಿದ ಡಬ್ಬಿಯಲ್ಲಿ ಅಲುಗಿಸಿ ಮೈಗಂಟಿದ ಪುಡಿ ಬಿಡಿಸುತ್ತಾರೆ, ಬಣ್ಣದ ಸಾಲಿಗೆ ಜೋಡಿಸುತ್ತಾರೆ. ಅಷ್ಟರಲ್ಲಿ ಮಧ್ಯಾಹ್ನ. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ. ಕಲಾವಿದೆಗೋ ತಮ್ಮ ಕಲೆಯೇ ಬತ್ತಿತೆಂಬ ಭಯ.

ಮೊದಲ ಭೇಟಿಯಲ್ಲಿ ನಿದ್ದೆ, ಹಸಿವು, ಬೇರೆ ವಿಷಯಗಳಲ್ಲಿನ ಆಸಕ್ತಿ, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿ ಕೇಳಿದೆವು. ಖಿನ್ನತೆಯ ಲಕ್ಷಣ ಕಂಡಿದ್ದರೆ ಮನೋವೈದ್ಯರ ಬಳಿ ಕಳಿಸುವುದೇ ಮೊದಲ ಕೆಲಸವಾಗುತ್ತಿತ್ತು. ಕಾಣಲಿಲ್ಲ. ಸಂಜೆ ಅಕ್ಕನ ಮಗಳ ಜೊತೆ ಕೂತು ಅದೇ ಕಡ್ಡಿಗಳಲ್ಲಿ ಗಂಟೆಗಟ್ಟಲೆ ಬೆಕ್ಕು, ನಾಯಿ ಬರೆಯುತ್ತಾರಂತೆ, ಕೈ ಎಲ್ಲೂ ತಡೆಯುವುದಿಲ್ಲ. ನಿಲ್ಲುವುದು ಆ ಒಂದು ಹಾಳೆಯ ಮುಂದೆ ಮಾತ್ರ. ಹಾಗಾಗಿ ಮನಸ್ಸನ್ನು ಕೆದಕುವ ಮೊದಲು ಹಾಳೆಯ ಚರಿತ್ರೆ ಕೇಳಿದೆವು.

ಐದನೆಯ ಚಿತ್ರ ಪೂರ್ತಿ ಮುಗಿದ ಮೇಲೆ ಸಂಪಾದಕರಿಂದ ಸಂದೇಶ: ಹುಡುಗಿಯ ಮುಖ ಕಿಟಕಿಯ ಕಡೆ ತಿರುಗಲಿ. ಆರನೆಯದಕ್ಕೆ: ಆಕಾಶ ಸ್ವಲ್ಪ ತಿಳಿಯಾಗಲಿ. ಕಂಪ್ಯೂಟರಿನಲ್ಲಿ ಬರೆದ ಚಿತ್ರವಾದರೆ ಹತ್ತು ನಿಮಿಷದ ಮಾತು. ಪ್ಯಾಸ್ಟೆಲ್ಲಿನದು ಬೇರೆಯೇ ಲೆಕ್ಕ. ಈ ಕಡ್ಡಿಯಲ್ಲಿ ಅಂಟು ತೀರಾ ಕಡಿಮೆ. ಬಣ್ಣದ ಪುಡಿ ನಿಲ್ಲುವುದು ಕಾಗದದ ತರಿಯನ್ನು, ಅಂದರೆ ಮೈಯ ಒರಟನ್ನು, ಹಿಡಿದುಕೊಂಡು. ಪದರದ ಮೇಲೆ ಪದರ ಬಂದಂತೆ ಆ ತರಿ ತುಂಬುತ್ತದೆ. ತುಂಬಿದ ಮೇಲೆ ಹೊಸ ಬಣ್ಣ ಹತ್ತುವುದಿಲ್ಲ, ಜಾರುತ್ತದೆ. ಹಠ ಹಿಡಿದು ಒತ್ತಿದರೆ ಕೆಳಗಿನ ಗಾಢ ಬಣ್ಣ ಮೇಲೆದ್ದು ಕಲಸಿ ಕೆಸರಾಗುತ್ತದೆ. ಒಣ ಬ್ರಶ್ಶಿನಿಂದ ಕೊಡವಿ, ಹಿಟ್ಟಿನಂತೆ ನಾದಬಹುದಾದ ರಬ್ಬರಿನಿಂದ ಎತ್ತಿದರೂ ಕಲೆ ಉಳಿಯುತ್ತದೆ. ಪುಡಿಯನ್ನು ಹಿಡಿದಿಡುವ ದ್ರವವಾದ ಫಿಕ್ಸೆಟಿವ್ ಸಿಂಪಡಿಸಿದರೆ ಇನ್ನೊಂದು ಪದರಕ್ಕೆ ಹಿಡಿತ ಸಿಗಬಹುದು, ಆದರೆ ತಿಳಿ ಬಣ್ಣಗಳು ಮಂಕಾಗುತ್ತವೆ. ಆಕಾಶವನ್ನು ತಿಳಿ ಮಾಡಲು ಹೊರಟವರಿಗೆ ಅದರಿಂದೇನು ಲಾಭ? ಎರಡೂ ಚಿತ್ರಗಳನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆದರು. ಒಂದೊಂದಕ್ಕೆ ನಾಲ್ಕು ದಿನ, ಸಂಭಾವನೆ ಇಲ್ಲದೆ.

ಏಳನೆಯದರ ಮುಂದೆ ಕೈ ಏಳದಿರುವುದರಲ್ಲಿ ವಿಚಿತ್ರವೇನೂ ಇಲ್ಲ. ಬರೆದದ್ದನ್ನು ಮತ್ತೆ ಬರೆಸುತ್ತಾರೆ ಎಂಬುದು ಎರಡು ಸಲ ಅನುಭವಕ್ಕೆ ಬಂದಿದೆ. ಕೈ ಅದನ್ನು ಮರೆತಿಲ್ಲ. ಇಂಥವರಿಗೆ ಆತ್ಮವಿಶ್ವಾಸದ ಉಪದೇಶ ಕೊಡುವುದು, ನಮ್ಮ ದೃಷ್ಟಿಯಲ್ಲಿ, ಗಾಯಕ್ಕೆ ಮುಖದ ಪೌಡರ್ ಹಾಕಿದ ಹಾಗೆ.

ಸಲಹೆಯ ಮುಖ್ಯ ಭಾಗ ಕೆಲಸದ ಕ್ರಮಕ್ಕೆ ಸಂಬಂಧಿಸಿದ್ದು. ತೀರ್ಮಾನಗಳೆಲ್ಲ ಅಗ್ಗದ ಹಂತದಲ್ಲೇ ಮುಗಿಯಬೇಕು. ಉಳಿದ ಎಂಟು ಚಿತ್ರಗಳಿಗೂ ಕಾಲು ಅಳತೆಯಲ್ಲಿ ಪೆನ್ಸಿಲ್ ಕರಡು. ಅದರಲ್ಲಿ ಮುಖ ಯಾವ ಕಡೆ, ಪಠ್ಯಕ್ಕೆ ಜಾಗ ಎಲ್ಲಿ ಎಂಬುದು ಇತ್ಯರ್ಥ. ಆಮೇಲೆ ಅಂಗೈಯಗಲದ ಬಣ್ಣದ ಕರಡು, ಅಂತಿಮ ಚಿತ್ರಕ್ಕೆ ಬಳಸುವ ಅದೇ ಕಡ್ಡಿ, ಅದೇ ಕಾಗದದ ತುಂಡಿನಲ್ಲಿ. ಆಕಾಶ ತಿಳಿಯೋ ಗಾಢವೋ ಎಂಬ ಮಾತು ಅಲ್ಲಿಗೇ ಮುಗಿಯಬೇಕು. ಎರಡಕ್ಕೂ ಲಿಖಿತ ಒಪ್ಪಿಗೆ. ಸಂಪಾದಕರಿಗೆ ಕಳಿಸುವ ಪತ್ರವನ್ನು ಭೇಟಿಯಲ್ಲೇ ಬರೆಸಿದೆವು: "ಬಣ್ಣದ ಕರಡಿಗೆ ಒಪ್ಪಿಗೆ ಬಂದ ಮೇಲೆ ಅಂತಿಮ ಹಾಳೆ ಶುರು ಮಾಡುತ್ತೇನೆ. ಅನಂತರದ ಬದಲಾವಣೆ ಸ್ಕ್ಯಾನಿನ ಮೇಲೆ ಆಗುವಂಥದ್ದಾದರೆ ಒಂದು ಸಲ ಮಾಡಿಕೊಡುತ್ತೇನೆ. ಹಾಳೆಯನ್ನೇ ಮತ್ತೆ ಬರೆಯಬೇಕಾದರೆ ಅದು ಹೊಸ ಚಿತ್ರದ ಲೆಕ್ಕ."

"ಹೀಗೆ ಬರೆದರೆ ಇನ್ನು ಕೆಲಸವೇ ಕೊಡಲ್ಲ" ಎಂದರು. ಸಲಹೆಗಾರರು ಸಂಪಾದಕರ ಪಾತ್ರ ವಹಿಸಿ ಆ ಮಾತುಕತೆಯನ್ನು ಆಡಿ ನೋಡಿದೆವು. ಮೊದಲ ಸಲ ಎರಡು ನಿಮಿಷದಲ್ಲಿ ಮೂರು ಸಲ ಕ್ಷಮೆ ಕೇಳಿದರು. ಮೂರನೇ ಸಲಕ್ಕೆ ಕ್ಷಮೆಯ ಜಾಗದಲ್ಲಿ ಕಾರಣ ಬಂತು: "ಪ್ಯಾಸ್ಟೆಲ್ ಅಳಿಸಿದರೆ ಹೋಗಲ್ಲ ಸರ್, ಹಾಳೆ ಹೊಸದು ಬೇಕು." ಪಾಪ, ಅದನ್ನು ಸಂಪಾದಕರಿಗೆ ಯಾರೂ ಹೇಳಿರಲೇ ಇಲ್ಲ.

ಏಳನೇ ಹಾಳೆಗೆ ಬೇರೆ ಉಪಾಯ ಬೇಕಿತ್ತು. 45 ನಿಮಿಷಕ್ಕೆ ಗಡಿಯಾರ ಇಟ್ಟು ಬಿಡುವು ತೆಗೆದುಕೊಳ್ಳಿ ಎಂದು ಮೊದಲು ಹೇಳಿದ್ದು ನಮ್ಮದೇ ತಪ್ಪು. ಬಿಡುವಿಗೆ ಏಳುವುದೆಂದರೆ ಪ್ಯಾಸ್ಟೆಲ್ ಮೆತ್ತಿದ ಕೈ ತೊಳೆಯುವುದು. ತೊಳೆದ ಕೈ ಪೂರ್ತಿ ಒಣಗದೆ ಹಾಳೆ ಮುಟ್ಟುವಂತಿಲ್ಲ, ಒಂದು ಹನಿ ಬಿದ್ದರೂ ಕಲೆ. ಆಮೇಲೆ ಗಡಿಯಾರ ಬಿಟ್ಟು ಪದರವನ್ನೇ ಅಳತೆಗೋಲು ಮಾಡಿದೆವು. ಮೊದಲ ದಿನ ಗಟ್ಟಿ ಪ್ಯಾಸ್ಟೆಲ್ಲಿನ ಮೂರೇ ಕಡ್ಡಿ: ಗಾಢ, ನಡು, ತಿಳಿ. ಕಡ್ಡಿಯನ್ನು ಅಡ್ಡ ಮಲಗಿಸಿ ಹಗುರವಾಗಿ ದೊಡ್ಡ ಆಕಾರಗಳನ್ನಷ್ಟೇ ತುಂಬುವುದು, ಮುಖ ಮುಟ್ಟಕೂಡದು. ಆ ಪದರ ಮುಗಿದರೆ ಅಂದಿನ ಕೆಲಸ ಮುಗಿಯಿತು. ಮೆತ್ತನೆಯ ಕಡ್ಡಿಗಳು ಕೊನೆಗೆ. ಕಡ್ಡಿಯ ಪುಡಿ ಬಿಡಿಸಿ ಜೋಡಿಸುವುದು ಸಂಜೆಗೆ ಮಾತ್ರ. ಮರುದಿನ ಬೇಕಾದವು ರಾತ್ರಿಯೇ ತಟ್ಟೆಯಲ್ಲಿ.

ಮಾತಿನ ನಡುವೆ ಒಂದು ಕೆಮ್ಮು ಮತ್ತೆ ಮತ್ತೆ ಬರುತ್ತಿತ್ತು. ಹಾಳೆಯ ಮೇಲಿನ ಪುಡಿಯನ್ನು ಬಾಯಿಂದ ಊದುವ ಅಭ್ಯಾಸ. ವೈದ್ಯರನ್ನು ಕಾಣಲು ಹೇಳಿದೆವು, ಜೊತೆಗೆ ಇಷ್ಟು: ಊದಬೇಡಿ, ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಪುಡಿ ಕೆಳಗಿನ ಕಾಗದದ ತೊಟ್ಟಿಗೆ ಬೀಳಲಿ, ಮೇಜನ್ನು ಒಣ ಬಟ್ಟೆಯಿಂದಲ್ಲ, ಒದ್ದೆ ಬಟ್ಟೆಯಿಂದ ಒರೆಸಿ, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿ, ಫಿಕ್ಸೆಟಿವ್ ಬಯಲಲ್ಲಿ ಮಾತ್ರ, ಕೆಲಸದ ಮೇಜಿನಲ್ಲಿ ಕಾಫಿ ಬೇಡ. ಕೆಲವು ಕೆಂಪು, ಹಳದಿ ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಇರುತ್ತದೆ. ಹಲಗೆ ನಿಲ್ಲಿಸಿ ಬರೆಯುವುದು ಅವರಿಗೆ ಸೋಲಿನ ಹಾಗೆ ಕಂಡಿತು, ಕಲಿತದ್ದೆಲ್ಲ ಮೇಜಿನ ಮೇಲೆ. ಫ್ರಾನ್ಸಿನ ಚಿತ್ರಕಾರ ಶಾರ್ದಾಂ 1770ರ ದಶಕದಲ್ಲಿ ಕಣ್ಣು ಕೈಕೊಟ್ಟಾಗ ತೈಲವರ್ಣ ಬಿಟ್ಟು ಪ್ಯಾಸ್ಟೆಲ್ ಹಿಡಿದ. 1771ರಲ್ಲಿ ಕನ್ನಡಕ ಹಾಕಿಕೊಂಡ ತನ್ನದೇ ಮುಖದ ಚಿತ್ರ ಬರೆದ. ದೇಹಕ್ಕಾಗಿ ಮಾಧ್ಯಮವನ್ನೇ ಬದಲಿಸಿದವನಿರುವಾಗ ಹಲಗೆ ಯಾವ ಲೆಕ್ಕ ಎಂದಾಗ ನಕ್ಕರು.

ನಾಲ್ಕನೇ ಭೇಟಿಗೆ ಬರುವಾಗ ಏಳನೇ ಚಿತ್ರ ಮುಗಿದಿತ್ತು, ಐದು ದಿನದಲ್ಲಿ. ಸಂಪಾದಕರು ಕರಡಿನ ಕ್ರಮಕ್ಕೆ ಕೂಡಲೇ ಒಪ್ಪಿದ್ದರು. ಮರುಬರಹದ ಸಂಭಾವನೆ ಚೌಕಾಸಿಯಾಗಿ ಅರ್ಧಕ್ಕೆ ನಿಂತಿತು. ಹತ್ತನೆಯದರ ಮುಂದೆ ಮತ್ತೆ ಎರಡು ದಿನ ಕೈ ನಿಂತಿತೆಂದು ಫೋನ್ ಮಾಡಿದರು. ಬಣ್ಣದ ಕರಡಿಗೆ ಉತ್ತರ ಬಂದಿದೆಯೇ ಎಂದು ಕೇಳಿದೆವು. ಬಂದಿರಲಿಲ್ಲ, ಹಾಳೆ ಮಾತ್ರ ಆಗಲೇ ಹಲಗೆ ಏರಿತ್ತು. ಅದನ್ನು ಇಳಿಸಿಟ್ಟು ಹನ್ನೊಂದನೆಯದರ ಪೆನ್ಸಿಲ್ ಕರಡಿಗೆ ಕೂತರು.